ಉಳುವವನೇ ಒಡೆಯನಾದರೆ ನೆಡುವವಳು ಯಾರು?

ಕಳೆದ ಬೇಸಗೆಯ ಆರಂಭದಲ್ಲಿ ಬಳಗದ ನಾವು ಕೆಲವರು ಕಾಲೇಜು ವಿದ್ಯಾರ್ಥಿಗಳ ಒಂದು ತಂಡವನ್ನು ಕರೆದುಕೊಂಡು ಸ್ವರ್ಣಾ ನದಿಯ ಜಾಡು ಹಿಡಿದು ಹೊರಟಿದ್ದೆವು. ಒಂದಷ್ಟು ದೂರ ಕಾಲ್ನಡಿಗೆ, ಉಳಿದದ್ದು ಬಸ್ಸು. ಕಾರ್ಕಳದ ಬೆಟ್ಟಗಳಲ್ಲಿ ಹುಟ್ಟುವ ನದಿಯು ಉಡುಪಿ ಪೇಟೆಯ ಕುಡಿಯುವ ನೀರಾಗಿ, ಮಲ್ಪೆಯಿಂದ ಉತ್ತರಕ್ಕೆ ಕೋಡಿಬೆಂಗ್ರೆಯ ಅಳಿವೆಯಲ್ಲಿ ಕಡಲು ಸೇರುವುದನ್ನು ಮಕ್ಕಳು ಕಣ್ಣಾರೆ ನೋಡಲಿ ಎಂಬುದು ನಮ್ಮ ಉದ್ದೇಶವಾಗಿತ್ತು. ಕೊನೆಯ ದಿನ ಬೆಳಿಗ್ಗೆ ಮಲ್ಪೆ ಬಂದರಿನ ದಕ್ಕೆಗೆ ಹೋದೆವು. ಬೋಟುಗಳಿಂದ ಮೀನು ಇಳಿಯುತ್ತಿತ್ತು. ಏಲಂ ಕೂಗುವವರ ಸುತ್ತ ನೆರೆದ ಗುಂಪಿನಲ್ಲಿ ಸೆರಗು ಸಿಕ್ಕಿಸಿಕೊಂಡ ಹೆಂಗಸರು ಗಂಡಸರ ನಡುವೆಯೇ ನಿಂತು ಬೆಲೆ ಏರಿಸುತ್ತಿದ್ದರು. ಇನ್ನೊಂದು ಬದಿಯಲ್ಲಿ ನೆಲದ ಮೇಲೆ ಕುಳಿತು ಸಣ್ಣ ಮೀನು, ಸಿಗಡಿಗಳನ್ನು ಬೇರ್ಪಡಿಸುತ್ತಿದ್ದ ಹೆಂಗಸರೂ ಇದ್ದರು. ಅವರ ಮಾತು ತುಳುವಲ್ಲ, ಘಟ್ಟದ ಮೇಲಿನ ಬಯಲುಸೀಮೆಯ ಕನ್ನಡ.

ಮರಳುವಾಗ ಬಸ್ಸಿನಲ್ಲಿ ಒಂದು ವಾದ ಎದ್ದಿತು. ಒಬ್ಬ ಹುಡುಗ, “ಇಲ್ಲಿ ಸ್ತ್ರೀವಾದದ ಅಗತ್ಯವೇನಿದೆ ಸರ್? ತುಳುನಾಡಿನಲ್ಲಿ ಮೊದಲಿನಿಂದಲೂ ಹೆಂಗಸರದೇ ಯಜಮಾನಿಕೆ. ಏಲಂನಲ್ಲಿ ನೋಡಿದಿರಲ್ಲ!” ಎಂದ. ಅವನ ಪಕ್ಕದಲ್ಲಿದ್ದ ಹುಡುಗಿ, “ನನಗೆ ಸಮಾನತೆ ಬೇಕು, ಸ್ತ್ರೀವಾದ ಬೇಡ. ಅದು ಗಂಡಸರನ್ನು ದ್ವೇಷಿಸುವವರ ಮಾತು” ಎಂದಳು. ಮತ್ತೊಬ್ಬಳು, “ಹೆಣ್ಣು ಪ್ರಕೃತಿಗೆ ಹತ್ತಿರದವಳು. ಅವಳ ಕೈಗೆ ಕೊಟ್ಟರೆ ಕಾಡು ಉಳಿಯುತ್ತದೆ. ನಿಜವಾದ ಸ್ತ್ರೀವಾದವೆಂದರೆ ಅದು” ಎಂದು ವಾದಿಸಿದಳು. ಆಗ ಹಿಂದಿನ ಸೀಟಿನಿಂದ ಒಂದು ಪ್ರಶ್ನೆ ಬಂತು. “2025ರಲ್ಲಿ ಇದೇ ಬಂದರಿನಲ್ಲಿ ಒಬ್ಬ ಹೆಂಗಸನ್ನು ಮರಕ್ಕೆ ಕಟ್ಟಿ ಹೊಡೆದರಲ್ಲ ಸರ್. ಆ ಕೇಸಿನಲ್ಲಿ ಬಂಧಿತರಾದವರಲ್ಲಿ ಹೆಂಗಸರೂ ಇದ್ದರು. ನಿಮ್ಮ ಸ್ತ್ರೀವಾದ ಅವರಲ್ಲಿ ಯಾರ ಪರ?” ಬಸ್ಸು ಮೌನವಾಯಿತು.

ಮಣ್ಣು, ಗೊಬ್ಬರ, ಕೊಳೆರೋಗಗಳ ಬಗ್ಗೆ ಕೇಳಿದ್ದರೆ ಥಟ್ಟನೆ ಉತ್ತರಿಸುತ್ತಿದ್ದೆ. ಈ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ನಾಲ್ಕೂ ಮಾತುಗಳನ್ನು ಒಂದೊಂದಾಗಿ ಪರೀಕ್ಷಿಸಿ, ತಡವಾಗಿಯಾದರೂ ಆ ಮಕ್ಕಳಿಗೂ ನಮ್ಮ ಊರುಗಳ ಓದುಗರಿಗೂ ಉತ್ತರ ಹೇಳಬೇಕೆಂದು ಈ ಬರಹ.

ಬುಟ್ಟಿಯ ಸ್ವಾತಂತ್ರ್ಯ, ಮಾವನ ಅಧಿಕಾರ

ಮೊದಲ ಹುಡುಗನ ಮಾತಿನಲ್ಲಿ ಸತ್ಯಾಂಶವಿದೆ. ತುಳುನಾಡಿನ ಬಂಟ, ಬಿಲ್ಲವ, ಮೊಗವೀರ ಮೊದಲಾದ ಅನೇಕ ಸಮುದಾಯಗಳು ಅಳಿಯಸಂತಾನ ಕಟ್ಟನ್ನು ಅನುಸರಿಸಿದವು. ಭೂತಾಳ ಪಾಂಡ್ಯನ ಹೆಸರಿಗೆ ಅಂಟಿಕೊಂಡಿರುವ ಈ ಪದ್ಧತಿಯಲ್ಲಿ ವಂಶ ನಡೆಯುವುದು ತಾಯಿಯ ಕಡೆಯಿಂದ. ಹೆಣ್ಣು ಮದುವೆಯಾದರೂ ತವರಿನ ಕುಟುಂಬದ ಸದಸ್ಯಳಾಗಿಯೇ ಉಳಿಯುತ್ತಾಳೆ. ಅವಳ ಮಕ್ಕಳಿಗೆ ಆ ಮನೆಯಲ್ಲಿ ಹಕ್ಕು ಇರುತ್ತದೆ. ವಿಧವೆಯಾದವಳು, ಗಂಡನನ್ನು ಬಿಟ್ಟವಳು ಬೀದಿಗೆ ಬೀಳುವುದಿಲ್ಲ. ಇಲ್ಲಿನ ಪಾಡ್ದನದ ಸಿರಿಯು ಗಂಡನನ್ನು ತೊರೆದು ಹೊರಟವಳು. ಅವಳ ನೆನಪಿನಲ್ಲಿ ಹಿರಿಯಡ್ಕ, ಕವತ್ತಾರುಗಳಲ್ಲಿ ಇಂದಿಗೂ ಜಾತ್ರೆ ಸೇರುತ್ತದೆ. ಇಂಥ ಹೆಣ್ಣನ್ನು ಪೂಜಿಸುವ ನಾಡು ಸಾಮಾನ್ಯವಾದುದಲ್ಲ.

ಇದರ ಬೆಲೆ ತಿಳಿಯಬೇಕಾದರೆ ಅದೇ ಜಿಲ್ಲೆಯ ಮಕ್ಕಳಸಂತಾನದ ಮನೆಗಳನ್ನು ನೋಡಬೇಕು. 1903ರಲ್ಲಿ ಮಂಗಳೂರಿನ ಸಾರಸ್ವತ ಕುಟುಂಬದಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಚಿಕ್ಕವರಿದ್ದಾಗಲೇ ತಂದೆ ಉಯಿಲು ಬರೆಯದೆ ತೀರಿಕೊಂಡರು. ಆಸ್ತಿಯೆಲ್ಲವೂ ತಂದೆಯ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಮಗಳಿಗೆ ಉಳಿದದ್ದು ಜೀವನಾಂಶದ ಮಾತು ಮಾತ್ರ. ಸ್ವಾಭಿಮಾನಿಯಾದ ತಾಯಿ ಅದನ್ನೂ ನಿರಾಕರಿಸಿದರು. ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ, ಒಂದು ಬೀದಿಯ ಹೆಣ್ಣಿಗೆ ಮನೆಯಿತ್ತು, ಮತ್ತೊಂದು ಬೀದಿಯ ಹೆಣ್ಣಿಗೆ ಇರಲಿಲ್ಲ.

ಆದರೆ ಅಳಿಯಸಂತಾನವೆಂದರೆ ಹೆಂಗಸರ ರಾಜ್ಯವಲ್ಲ. ಹೆಸರೇ ಹೇಳುವಂತೆ ಅದು ಅಳಿಯನ ಸಂತಾನ. ಆಸ್ತಿ ಹರಿದದ್ದು ಹೆಣ್ಣಿನ ಮೂಲಕ. ಅದರ ಆಡಳಿತ ಇದ್ದದ್ದು ಹೆಚ್ಚಿನ ಕುಟುಂಬಗಳಲ್ಲಿ ಸೋದರಮಾವನ ಕೈಯಲ್ಲಿ, ಅವನ ಅನಂತರ ಅಳಿಯನ ಕೈಯಲ್ಲಿ. ಯಜಮಾನ್ತಿಯರು ಇದ್ದರು, ಸಮರ್ಥರಾಗಿಯೂ ಇದ್ದರು. ಆದರೂ ಗೇಣಿ ಎಷ್ಟು, ಯಾವ ಗದ್ದೆ ಯಾರಿಗೆ, ಯಾವ ಸಾಲ ಯಾವಾಗ ಎಂಬ ತೀರ್ಮಾನ ಚಾವಡಿಯಲ್ಲಿ ಆಗುತ್ತಿತ್ತು, ಚಾವಡಿಯಲ್ಲಿ ಕೂರುತ್ತಿದ್ದವರು ಗಂಡಸರು. ಮುಂದೆ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬದ ಪಾಲಿಗೆ ದಾರಿ ಮಾಡಿಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹಳೆಯ ಕಟ್ಟನ್ನು ಮತ್ತಷ್ಟು ಸಡಿಲಗೊಳಿಸಿತು. ಗೌರವ, ಆಸರೆ, ಅಧಿಕಾರ ಇವು ಮೂರು ಬೇರೆ ಬೇರೆ ಸಂಗತಿಗಳು. ತುಳುನಾಡು ಹೆಣ್ಣಿಗೆ ಮೊದಲ ಎರಡನ್ನು ಉದಾರವಾಗಿ ಕೊಟ್ಟಿತು. ಮೂರನೆಯದನ್ನು ಅಳೆದು ಸುರಿದು ಕೊಟ್ಟಿತು.

ಮಲ್ಪೆಯ ದಕ್ಕೆಯಲ್ಲಿಯೂ ಇದೇ ಕಥೆ. ರಂಪಣಿಯ ಕಾಲದಲ್ಲಿ ಹತ್ತಾರು ಜನ ಕೂಡಿ ದಡದಿಂದಲೇ ಬಲೆ ಎಳೆಯುತ್ತಿದ್ದರು. ಮೀನು ಊರಿನ ಮರಳಿನ ಮೇಲೆಯೇ ಬೀಳುತ್ತಿತ್ತು. ಹೆಂಗಸು ಮನೆಯಿಂದ ನಾಲ್ಕು ಹೆಜ್ಜೆ ನಡೆದು ಬುಟ್ಟಿ ತುಂಬಿಸಿಕೊಳ್ಳುತ್ತಿದ್ದಳು, ಉಳಿದದ್ದನ್ನು ಮಳೆಗಾಲಕ್ಕೆಂದು ಒಣಗಿಸುತ್ತಿದ್ದಳು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು, ರಂಪಣಿಗಳು ಮೂಲೆ ಸೇರಿದವು. ಮೀನು ಊರೂರಿನ ದಡವನ್ನು ಬಿಟ್ಟು ದೊಡ್ಡ ಬಂದರುಗಳಿಗೆ ಹೋಯಿತು. ಅಲ್ಲಿ ಮಂಜುಗಡ್ಡೆ, ಲಾರಿ, ದೂರದ ಊರುಗಳ ವ್ಯಾಪಾರಿಗಳು, ಮೀನುಹುಡಿ ಕಾರ್ಖಾನೆಗಳು. ಬೂತಾಯಿ ಬಂಗುಡೆಗಳ ದೊಡ್ಡ ರಾಶಿಯನ್ನು ಒಮ್ಮೆಗೇ ಕೊಳ್ಳುವ ಬಂಡವಾಳ ಬುಟ್ಟಿಯವಳಲ್ಲಿ ಇರಲಿಲ್ಲ. ನಾಲ್ಕಾರು ಹೆಂಗಸರು ಕೂಡಿ ಒಂದು ರಾಶಿ ಹಿಡಿದು ಹಂಚಿಕೊಳ್ಳುವ ಉಪಾಯವನ್ನು ಅವರೇ ಕಂಡುಕೊಂಡರು. ನನ್ನ ವಿದ್ಯಾರ್ಥಿ ಏಲಂನಲ್ಲಿ ಕಂಡ ಗಟ್ಟಿ ದನಿಯು ಸುಳ್ಳಲ್ಲ. ಆದರೆ ಬಂದರು ಎಲ್ಲಿ ಬರಬೇಕು, ಯಾವ ಬಲೆಗೆ ಪರವಾನಗಿ, ಯಾವ ಬೋಟಿಗೆ ಸಾಲ ಎಂದು ತೀರ್ಮಾನವಾದಾಗ ಆ ದನಿಯನ್ನು ಯಾರೂ ಕೇಳಿರಲಿಲ್ಲ.

1974ರ ನಾಲ್ಕು ಸಂಗತಿಗಳು

ಎರಡನೆಯ ಮಾತು, “ಸಮಾನತೆ ಸಾಕು, ಸ್ತ್ರೀವಾದ ಬೇಡ” ಎಂಬುದು. ಇಂದಿನ ವಿದ್ಯಾವಂತ ಯುವಜನರಲ್ಲಿ ಹೆಚ್ಚಾಗಿ ಕೇಳಿಬರುವ ಮಾತಿದು. ಕೇಳಲು ನ್ಯಾಯವಾಗಿಯೂ ಇದೆ. ಎಲ್ಲರೂ ಸಮಾನರು ಎಂದಮೇಲೆ ಹೆಣ್ಣಿಗೆ ಬೇರೆಯೇ ಒಂದು ವಾದವೇಕೆ? ಇದಕ್ಕೆ ಉತ್ತರ ಹುಡುಕುತ್ತ ಹೋದಾಗ 1974ನೆಯ ಇಸವಿ ನನಗೆ ಮತ್ತೆ ಮತ್ತೆ ಎದುರಾಯಿತು. ಆ ಒಂದೇ ವರ್ಷದಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ನಾಲ್ಕು ಸಂಗತಿಗಳು ನಡೆದವು.

ಆ ವರ್ಷದ ಮಾರ್ಚ್ 1ರಿಂದ ಕರ್ನಾಟಕದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂತು. ದೇವರಾಜ ಅರಸರ ಸರಕಾರದ ಆ ಕ್ರಮದಿಂದ ಹೆಚ್ಚು ಬದಲಾದ ಪ್ರದೇಶಗಳಲ್ಲಿ ನಮ್ಮ ಅವಿಭಜಿತ ದಕ್ಷಿಣ ಕನ್ನಡವೂ ಒಂದು. ಅದೇ ತಿಂಗಳ 26ರಂದು ಹಿಮಾಲಯದ ರೇಣಿ ಗ್ರಾಮದಲ್ಲಿ ಗೌರಾದೇವಿ ಮತ್ತು ಸಂಗಡಿಗರು ಮರ ಕಡಿಯಲು ಬಂದವರನ್ನು ತಡೆದರು. ಫ್ರಾನ್ಸಿನಲ್ಲಿ ಫ್ರಾನ್ಸ್ವಾಸ್ ದೋಬೋನ್ ಎಂಬ ಲೇಖಕಿ ‘ಪರಿಸರ ಸ್ತ್ರೀವಾದ’ ಎಂಬ ಪದವನ್ನು ತನ್ನ ಪುಸ್ತಕದಲ್ಲಿ ಮೊದಲಿಗೆ ಬಳಸಿದಳು. ವರ್ಷದ ಕೊನೆಗೆ ದೆಹಲಿಯಲ್ಲಿ ‘ಸಮಾನತೆಯೆಡೆಗೆ’ ಎಂಬ ಹೆಸರಿನ ವರದಿ ಸರಕಾರದ ಕೈಸೇರಿತು. ಭಾರತದ ಮಹಿಳೆಯರ ಸ್ಥಿತಿಗತಿ ಕುರಿತ ಸಮಿತಿ ಸಿದ್ಧಪಡಿಸಿದ ಆ ವರದಿಯ ಸಾರವೇನೆಂದರೆ, ಸಂವಿಧಾನವು ಸಮಾನತೆಯನ್ನು ಘೋಷಿಸಿ ಕಾಲು ಶತಮಾನ ಕಳೆದರೂ ಬಹುಪಾಲು ಹೆಂಗಸರ ಬದುಕಿಗೆ ಅದು ತಲುಪಿಲ್ಲ. ಕೆಲವು ವಿಷಯಗಳಲ್ಲಿ ಅವರ ಸ್ಥಿತಿ ಮೊದಲಿಗಿಂತ ಕೆಟ್ಟಿದೆ.

ಈಗ ಮೊದಲನೆಯದಕ್ಕೆ ಬರೋಣ. ಭೂಸುಧಾರಣೆಯ ಘೋಷಣೆ ನಮ್ಮೆಲ್ಲರಿಗೂ ಬಾಯಿಪಾಠ: “ಉಳುವವನೇ ಹೊಲದೊಡೆಯ”. ಅದು ಸಮಾನತೆಯ ಘೋಷಣೆ, ನಾನು ಇಂದಿಗೂ ಗೌರವಿಸುವ ಘೋಷಣೆ. ಗೇಣಿದಾರನನ್ನು ತಲೆಯೆತ್ತಿ ನಿಲ್ಲಿಸಿದ್ದು ಅದು. ಆದರೆ ಆ ಮಾತನ್ನು ಮತ್ತೊಮ್ಮೆ ನಿಧಾನವಾಗಿ ಓದಿ. ಉಳುವವನು ಎಂದಿದೆ. ನಮ್ಮ ಕಡೆ ನೇಗಿಲು ಹಿಡಿಯುವುದು ಗಂಡಸಿನ ಕೆಲಸ. ಹೆಂಗಸು ನೇಗಿಲು ಮುಟ್ಟಬಾರದೆಂಬ ನಂಬಿಕೆಯೇ ಇತ್ತು. ಏಣೆಲು ಬೆಳೆಯಲ್ಲಿ ಉಳುಮೆ ಕೆಲವು ದಿನಗಳ ಕೆಲಸ. ನೇಜಿ ಕೀಳುವುದು, ನೆಡುವುದು, ಕಳೆ ತೆಗೆಯುವುದು, ಕೊಯ್ಯುವುದು, ಭತ್ತ ಬೇಯಿಸಿ ಒಣಗಿಸಿ ಕುಚ್ಚಲಕ್ಕಿ ಮಾಡುವುದು ತಿಂಗಳುಗಟ್ಟಲೆ ನಡೆಯುವ ಕೆಲಸ, ಅದರಲ್ಲಿ ಬಹುಪಾಲು ಹೆಂಗಸರ ಬೆನ್ನಿನ ಮೇಲೆ. “ನೆಡುವವಳೇ ಒಡತಿ” ಎಂದು ಯಾರೂ ಘೋಷಣೆ ಕೂಗಲಿಲ್ಲ. ಡಿಕ್ಲರೇಶನ್ ಅರ್ಜಿಯನ್ನು ಮನೆಯ ಗಂಡಸು ಕೊಟ್ಟ. ಭೂಮಿ ಹೆಚ್ಚಾಗಿ ಅವನ ಹೆಸರಿಗೆ ಆಯಿತು. ಅನ್ಯಾಯ ಮಾಡಬೇಕೆಂದು ಯಾರೂ ಹೊರಟಿರಲಿಲ್ಲ. ದುಡಿಯುವವರೆಂದರೆ ಗಂಡಸರು ಎಂಬ ರೂಢಿಯ ಕಣ್ಣಿಗೆ ಹೆಂಗಸು ಕಾಣಿಸಲಿಲ್ಲ, ಅಷ್ಟೇ.

ಸ್ತ್ರೀವಾದ ಏಕೆ ಬೇಕು ಎಂದು ಕೇಳಿದ ಹುಡುಗಿಗೆ ನನ್ನ ಉತ್ತರ ಇದು. ಸಮಾನತೆ ನಾವು ತಲುಪಬೇಕಾದ ಊರು. ಆ ಊರಿಗೆ ಹೊರಟ ಬಸ್ಸಿಗೆ ಯಾರು ಹತ್ತಲಿಲ್ಲ ಎಂದು ಲೆಕ್ಕ ಹಾಕುವ ಕಣ್ಣಿಗೆ ಸ್ತ್ರೀವಾದ ಎಂದು ಹೆಸರು. ಆ ಲೆಕ್ಕ ಹಾಕಿದ್ದಕ್ಕೆ ಗಂಡಸರು ಕೋಪಿಸಿಕೊಳ್ಳಬಹುದು. ಕೋಪ ಬಂತೆಂಬ ಕಾರಣಕ್ಕೆ ಲೆಕ್ಕ ಕೇಳಿದವರನ್ನು ದ್ವೇಷಿಗಳೆಂದು ಕರೆಯಬಾರದು.

ಈ ಲೆಕ್ಕ ಇನ್ನೂ ಮುಗಿದಿಲ್ಲ. 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿದಾರರಲ್ಲಿ ಮಹಿಳೆಯರು ಶೇ. 13.96, ಅವರ ಕೈಯಲ್ಲಿರುವ ಭೂಮಿ ಶೇ. 11.72. ಪಹಣಿಯಲ್ಲಿ ಹೆಸರಿಲ್ಲದವಳು ಸರಕಾರಿ ದಾಖಲೆಯಲ್ಲಿ ರೈತಳಲ್ಲ. ಬೆಳೆಸಾಲ, ಸಹಾಯಧನ, ಬೆಳೆನಷ್ಟ ಪರಿಹಾರ, ಸೊಸೈಟಿಯ ಸದಸ್ಯತ್ವ ಎಲ್ಲವೂ ಆ ಒಂದು ಕಾಗದದ ಹಿಂದೆ ಬರುವಂಥವು. ಡಾ. ಎಂ. ಎಸ್. ಸ್ವಾಮಿನಾಥನ್ ಅವರು ಭೂಮಿಯ ದಾಖಲೆ ಇರಲಿ ಇಲ್ಲದಿರಲಿ, ಕೃಷಿಯಲ್ಲಿ ದುಡಿಯುವ ಹೆಂಗಸನ್ನು ರೈತಳೆಂದು ಗುರುತಿಸಬೇಕೆಂಬ ಖಾಸಗಿ ಮಸೂದೆಯನ್ನು 2012ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದರು. ಅದು ಕಾಯ್ದೆಯಾಗದೆ 2013ರಲ್ಲಿ ಬಿದ್ದುಹೋಯಿತು. ವಿಶ್ವಸಂಸ್ಥೆಯು 2026ನ್ನು ಅಂತಾರಾಷ್ಟ್ರೀಯ ರೈತ ಮಹಿಳೆಯರ ವರ್ಷವೆಂದು ಘೋಷಿಸಿತು. ಭಾಷಣಗಳಿಗೆ ಕೊರತೆಯಾಗಲಾರದು. ಪಹಣಿಯ ಕಾಲಂ ತುಂಬುವುದೇ ಎಂಬುದು ಪ್ರಶ್ನೆ.

ನನ್ನ ಕ್ಷೇತ್ರದ್ದೇ ಇನ್ನೊಂದು ಉದಾಹರಣೆ. ಕರಾವಳಿಯ ಗದ್ದೆಗಳಿಗೆ ನಾಟಿ ಯಂತ್ರ ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಬಗ್ಗಿ ಬಗ್ಗಿ ನೆಟ್ಟು ಸೊಂಟ ಕಳೆದುಕೊಂಡ ಹೆಂಗಸರಿಗೆ ಬಿಡುಗಡೆ ಸಿಕ್ಕಿತೆಂದು ನಾನೇ ಸಭೆಗಳಲ್ಲಿ ಹೇಳಿದ್ದೇನೆ. ಬಿಡುಗಡೆ ಸಿಕ್ಕಿದ್ದು ಹೌದು. ಅದರ ಜೊತೆಗೆ ಕೂಲಿಯೂ ಹೋಯಿತು. ಯಂತ್ರ ಓಡಿಸುವ ತರಬೇತಿಗೆ ಬಂದವರು ಹುಡುಗರು. ಬಾಡಿಗೆ ದುಡ್ಡು ಹೋದದ್ದು ಯಂತ್ರದ ಮಾಲಕನಿಗೆ. ಯಂತ್ರ ಬೇಡವೆಂದು ನಾನು ಹೇಳಲಾರೆ. ನೆಡುವವಳಿಗೆ ಮೊದಲು ತರಬೇತಿ ಕೊಟ್ಟು ಯಂತ್ರವನ್ನು ಅವಳ ಸಂಘದ ಹೆಸರಿಗೆ ಕೊಡಬಹುದಿತ್ತು ಎಂಬುದು ಅಂದು ನನಗೆ ಹೊಳೆಯಲಿಲ್ಲವೆಂಬುದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ.

ಹೆಣ್ಣು ಪ್ರಕೃತಿಗೆ ಹತ್ತಿರವೇ?

ಮೂರನೆಯ ಮಾತು ನಮ್ಮಂಥ ಪರಿಸರ ಬಳಗಗಳಲ್ಲೇ ಹೆಚ್ಚು ಬೆಳೆದದ್ದು. ರೇಣಿಯಲ್ಲಿ ಅಂದು ಊರಿನ ಗಂಡಸರು ಭೂಮಿಯ ಪರಿಹಾರಧನಕ್ಕೆಂದು ಚಮೋಲಿಗೆ ಹೋಗಿದ್ದರು. ಕಾಡನ್ನು ಕಾಯಲು ಉಳಿದವರು ಹೆಂಗಸರು. ಮುಂದೆ ವಂದನಾ ಶಿವ ಅವರು ತಮ್ಮ ಬರಹಗಳಲ್ಲಿ ಹೆಣ್ಣಿಗೂ ಪ್ರಕೃತಿಗೂ ಜೀವಪೋಷಣೆಯ ನಂಟಿದೆ, ಎರಡನ್ನೂ ಒಂದೇ ಅಭಿವೃದ್ಧಿ ಶೋಷಿಸುತ್ತಿದೆ ಎಂದು ವಾದಿಸಿದರು. ಈ ವಾದ ನಮಗೆಲ್ಲ ಬಲ ಕೊಟ್ಟಿತು. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಅವರು 1992ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದನ್ನು ಬೇರೆ ರೀತಿಯಿಂದ ನೋಡಿದರು. ಹೆಂಗಸರಿಗೆ ಕಾಡಿನ ಚಿಂತೆ ಇರುವುದು ಹೆಣ್ಣಾಗಿ ಹುಟ್ಟಿದ್ದರಿಂದಲ್ಲ. ಸೌದೆ, ಸೊಪ್ಪು, ನೀರು ತರುವ ಕೆಲಸ ಅವರ ಪಾಲಿಗೆ ಬಂದಿರುವುದರಿಂದ. ಆ ಪಾಲು ಜಾತಿ, ವರ್ಗ, ಊರುಗಳಿಗೆ ತಕ್ಕಂತೆ ಬೇರೆಯಾಗುತ್ತದೆ ಎಂದು ಅವರ ವಾದ. ಭೂಮಿಯ ಹಕ್ಕಿನ ಪ್ರಶ್ನೆಯನ್ನು ಅವರು 1994ರ ತಮ್ಮ ಗ್ರಂಥದಲ್ಲಿ ಇನ್ನಷ್ಟು ವಿಸ್ತರಿಸಿದರು.

ನನ್ನ ಅನುಭವ ಎರಡನೆಯವರ ಪಕ್ಷಕ್ಕೆ ವಾಲುತ್ತದೆ. ವೃತ್ತಿಯ ಆರಂಭದ ದಿನಗಳಲ್ಲಿ ಒಂದು ಹೊಸ ಭತ್ತದ ತಳಿಯ ಪ್ರಾತ್ಯಕ್ಷಿಕೆ ನಡೆಸಿದ್ದೆ. ಇಳುವರಿ ಚೆನ್ನಾಗಿತ್ತು. ಸಭೆಯಲ್ಲಿ ಗಂಡಸರು ತಲೆದೂಗಿದರು. ಮರುವರ್ಷ ಆ ಊರಿನಲ್ಲಿ ಒಬ್ಬರೂ ಅದನ್ನು ಬಿತ್ತಲಿಲ್ಲ. ಕಾರಣ ಹೇಳಿದವರು, ನಾನು ಊಟಕ್ಕೆ ಕುಳಿತ ಮನೆಯ ಅಮ್ಮ. “ಬೇಯಿಸಿದರೆ ಅಕ್ಕಿ ಒಡೆಯುತ್ತದೆ ಮಾರಾಯರೇ, ಗಂಜಿ ಅಂಟಾಗುತ್ತದೆ. ನೀವು ನಮ್ಮಲ್ಲಿ ಕೇಳಲೇ ಇಲ್ಲವಲ್ಲ” ಎಂದರು. ಅವರಿಗೆ ಆ ಜ್ಞಾನ ಬಂದದ್ದು ಭತ್ತ ಬೇಯಿಸುವ ಹಂಡೆಯ ಮುಂದೆ ನಲವತ್ತು ವರ್ಷ ಕುಳಿತದ್ದರಿಂದ. ನನಗೆ ಬಾರದೆ ಇದ್ದದ್ದು ಆ ಹಂಡೆಯ ಮುಂದೆ ಒಂದು ದಿನವೂ ಕುಳಿತಿರದ ಕಾರಣ.

ಹೆಣ್ಣನ್ನು ಪ್ರಕೃತಿ, ತಾಯಿ, ಶಕ್ತಿ ಎಂದು ಹೊಗಳುವುದರಲ್ಲಿ ಒಂದು ಅಪಾಯವಿದೆ. ಹೊಗಳಿಕೆಯ ಜೊತೆಗೆ ಕೆಲಸವನ್ನೂ ಅವಳಿಗೇ ಒಪ್ಪಿಸಿಬಿಡುತ್ತೇವೆ. ಕಾಡು ಉಳಿಸುವ ಜವಾಬ್ದಾರಿ ಅವಳದು, ಸೌದೆ ಹೊರುವ ತಲೆ ಅವಳದು, ಗ್ರಾಮ ಅರಣ್ಯ ಸಮಿತಿಯ ಕುರ್ಚಿ ಮಾತ್ರ ನಮ್ಮದು. ನಮ್ಮ ಬಳಗದ ಹದಿನೈದು ವರ್ಷಗಳ ಸಭೆಗಳನ್ನು ನೆನೆದುಕೊಳ್ಳಿ. ಮೆರವಣಿಗೆಯ ಮುಂದಿನ ಸಾಲಿನಲ್ಲಿ ಹೆಂಗಸರಿದ್ದರು, ಛಾಯಾಚಿತ್ರಗಳಲ್ಲಿ ಇದ್ದರು, ಅಡುಗೆಯ ಒಲೆಯ ಬಳಿ ಇದ್ದರು. ನಿರ್ಣಯ ಬರೆಯುವ ಮೇಜಿನ ಬಳಿ ಎಷ್ಟು ಮಂದಿ ಇದ್ದರು? 1930ರಲ್ಲಿ ಗಾಂಧೀಜಿಯವರೇ ದಂಡಿಯ ಯಾತ್ರೆಗೆ ಹೆಂಗಸರನ್ನು ಸೇರಿಸಿಕೊಂಡಿರಲಿಲ್ಲ. ನಮ್ಮ ಮಂಗಳೂರಿನ ಕಮಲಾದೇವಿಯವರು ಅವರ ಮುಂದೆ ನಿಂತು ವಾದಿಸಿ ಉಪ್ಪಿನ ಸತ್ಯಾಗ್ರಹದ ಬಾಗಿಲನ್ನು ಹೆಂಗಸರಿಗೆ ತೆರೆಸಿದರು. ದೊಡ್ಡ ಚಳವಳಿಗಳಲ್ಲೂ ಕೇಳಿಯೇ ಪಡೆಯಬೇಕಾಯಿತೆಂದರೆ ನಮ್ಮಂಥ ಸಣ್ಣ ಬಳಗಗಳು ತಮ್ಮನ್ನು ತಾವು ಪರೀಕ್ಷಿಸಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಹೆಂಗಸರ ನಡುವಿನ ಅಂತರ

ನಾಲ್ಕನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾದುದು. 2025ರ ಮಾರ್ಚ್ 18ರಂದು ಮಲ್ಪೆ ಬಂದರಿನಲ್ಲಿ, ಮೀನು ಕದ್ದಳೆಂದು ಆರೋಪಿಸಿ, ಹೊರಜಿಲ್ಲೆಯಿಂದ ದುಡಿಯಲು ಬಂದಿದ್ದ ಪರಿಶಿಷ್ಟ ಜಾತಿಯ ಮಹಿಳೆಯೊಬ್ಬಳನ್ನು ಮರಕ್ಕೆ ಕಟ್ಟಿ ಥಳಿಸಲಾಯಿತು. ಸುತ್ತಲೂ ಜನ ನೆರೆದಿದ್ದ ಆ ದೃಶ್ಯವನ್ನು ನಾಡೆಲ್ಲ ನೋಡಿತು. ಮುಖ್ಯಮಂತ್ರಿಗಳು ಖಂಡಿಸಿದರು. ಪೊಲೀಸರು ಬಂಧಿಸಿದವರಲ್ಲಿ ಮಹಿಳೆಯರೂ ಇದ್ದರು. ಬಂಧನವನ್ನು ವಿರೋಧಿಸಿ ಮಲ್ಪೆಯಲ್ಲಿ ಪ್ರತಿಭಟನೆಯೂ ನಡೆಯಿತು.

ಇದನ್ನು ಒಂದು ಸಮುದಾಯದ ತಲೆಗೆ ಕಟ್ಟುವುದು ಅನ್ಯಾಯ. ಮಳೆಗೂ ಬಿಸಿಲಿಗೂ ಅಂಜದೆ ಬುಟ್ಟಿ ಹೊತ್ತು ಮಕ್ಕಳನ್ನು ಓದಿಸಿದ ಸಾವಿರಾರು ಹೆಂಗಸರ ಊರು ಅದು. ಆರೋಪಿಗಳ ಅಪರಾಧವನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ನಾವು ಯೋಚಿಸಬೇಕಾದದ್ದು ಬೇರೆ. ದಕ್ಕೆಯಲ್ಲಿ ಇಬ್ಬರು ಹೆಂಗಸರಿದ್ದಾರೆ. ಒಬ್ಬಳಿಗೆ ಅಲ್ಲಿ ಮನೆಯಿದೆ, ಜಾತಿಯ ಬೆಂಬಲವಿದೆ, ಸಂಘವಿದೆ, ಏಲಂನಲ್ಲಿ ನಿಲ್ಲಲು ಜಾಗವಿದೆ. ಇನ್ನೊಬ್ಬಳಿಗೆ ಬಾಡಿಗೆ ಕೋಣೆ ಮತ್ತು ದಿನಗೂಲಿ ಮಾತ್ರ. ಮೊದಲನೆಯವಳು ಗಂಡಸಿಗೆ ಸಮಾನಳಾದಳೆಂದು ನಾವು ಚಪ್ಪಾಳೆ ತಟ್ಟುವಾಗ ಎರಡನೆಯವಳು ನಮ್ಮ ಲೆಕ್ಕದಲ್ಲಿಯೇ ಇರುವುದಿಲ್ಲ. ಯಾವ ಗಂಡಸಿಗೆ ಸಮಾನ, ಯಾವ ಹೆಂಗಸಿಗೆ ಸಮಾನ ಎಂದು ಕೇಳದ ಸಮಾನತೆಯು ಮೇಲಿನ ಮೆಟ್ಟಿಲಿನಲ್ಲಿಯೇ ನಿಂತುಬಿಡುತ್ತದೆ.

ಘಟ್ಟದ ಕಡೆಯ ನಾವು ಸಮುದ್ರದತ್ತ ಬೆರಳು ತೋರಿಸುವಂತಿಲ್ಲ. ನಮ್ಮ ಅಡಿಕೆ ತೋಟಗಳಲ್ಲಿ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಇನ್ನೊಂದು. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ಕಾಯ್ದೆ 1976ರಲ್ಲಿಯೇ ಬಂದಿತ್ತು. ಹೆಣ್ಣಾಳಿನ ಕೂಲಿಯನ್ನು ಗೊತ್ತುಮಾಡುವ ಮನೆಯ ಒಡತಿ ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆಯೂ ಆಗಿರಬಹುದು. ಅವಳ ಚಹಾದ ಲೋಟ ಒಳಗೆ, ಆಳಿನ ಲೋಟ ಹೊರಗಿನ ಗೋಡೆಯ ಮೇಲೆ ಇರುವ ಮನೆಗಳನ್ನು ನಾನು ಬಲ್ಲೆ.

ಮೀನಿನ ಬುಟ್ಟಿಯ ಚರಿತ್ರೆಯನ್ನೇ ನೋಡಿ. ಪ್ಲಾಸ್ಟಿಕ್ ತೊಟ್ಟಿಗಳು ಬರುವ ಮೊದಲು ಕರಾವಳಿಯ ಬುಟ್ಟಿಗಳನ್ನು ಹೆಣೆಯುತ್ತಿದ್ದವರು ಕೊರಗರು. ಬಳ್ಳಿ ನಮ್ಮ ಕಾಡಿನದು; ಹೆಣೆಯುವ ಕೈಗಳಲ್ಲಿ ಕೊರಗ ಹೆಂಗಸರ ಕೈಗಳೂ ಇದ್ದವು. ಆ ಕೈಗಳನ್ನು ಮುಟ್ಟದೆ ಬುಟ್ಟಿಯನ್ನು ಮಾತ್ರ ಕೊಂಡುಕೊಂಡ ಸಮಾಜ ನಮ್ಮದು. ಕೊರಗರನ್ನು ಅವಮಾನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ದವರೆಗೆ ಕಾಯಬೇಕಾಯಿತು. ಬುಟ್ಟಿ ಹೆಣೆದವಳು, ಬುಟ್ಟಿ ಹೊತ್ತವಳು, ಬುಟ್ಟಿಯಿಂದ ಮೀನು ಕೊಂಡವಳು ಮೂವರೂ ಹೆಂಗಸರೇ. ಮೂವರ ಬದುಕೂ ಒಂದೇ ಎಂದರೆ ಯಾರೂ ನಂಬುವುದಿಲ್ಲ.

ಆದ್ದರಿಂದ ಹಿಂದಿನ ಸೀಟಿನ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಸ್ತ್ರೀವಾದವು ಮರಕ್ಕೆ ಕಟ್ಟಲ್ಪಟ್ಟವಳ ಪರ. ಹೊಡೆದವರು ಗಂಡಸರೋ ಹೆಂಗಸರೋ ಎಂಬುದರಿಂದ ಈ ಉತ್ತರ ಬದಲಾಗಲಾರದು. ಸ್ತ್ರೀವಾದದ ಕಣ್ಣಿಲ್ಲದ ಸಮಾನತೆಗೆ ನೆಡುವವಳು ಕಾಣಿಸುವುದಿಲ್ಲ. ಸಮಾನತೆಯ ಗುರಿಯಿಲ್ಲದ ಸ್ತ್ರೀವಾದಕ್ಕೆ ತನಗಿಂತ ಕೆಳಗಿನ ಮೆಟ್ಟಿಲಿನ ಹೆಣ್ಣು ಕಾಣಿಸುವುದಿಲ್ಲ. ಒಂದನ್ನು ಬಿಟ್ಟು ಇನ್ನೊಂದು ನಡೆಯದು.

ನನ್ನ ಮನೆಯ ಕಾಗದ

ಇಷ್ಟು ಬರೆದ ಮೇಲೆ ನನ್ನ ಮನೆಯ ವಿಷಯ ಹೇಳದಿದ್ದರೆ ಓದುಗರಿಗೆ ಮೋಸ ಮಾಡಿದಂತಾಗುತ್ತದೆ.

ನಮ್ಮದು ಮಕ್ಕಳಸಂತಾನದ ಮನೆ. 2011ರಲ್ಲಿ ತಂದೆ ತೀರಿಕೊಂಡರು. ಆ ಹೊತ್ತಿಗೆ ಕಾನೂನು ಸ್ಪಷ್ಟವಾಗಿಯೇ ಇತ್ತು. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ಅಲ್ಲಿಯವರೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು ಕೊಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಹಕ್ಕನ್ನು ದೇಶದ ಎಲ್ಲ ಹಿಂದೂ ಹೆಣ್ಣುಮಕ್ಕಳಿಗೆ ವಿಸ್ತರಿಸಿತ್ತು. ಮಗಳಿಗೆ ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕೆಂಬ ನಿಯಮವೇನಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್‌ನಲ್ಲಿ ಇನ್ನಷ್ಟು ಸ್ಪಷ್ಟಪಡಿಸಿತು. ನಾನು ಡಾಕ್ಟರೇಟ್ ಪಡೆದವನು, ರೈತ ಮಹಿಳೆಯರ ತರಬೇತಿಗಳಲ್ಲಿ ಉಪನ್ಯಾಸ ಕೊಡುವವನು. ತಂದೆಯ ವರ್ಷಾಂತಿಕಕ್ಕೆ ಬಂದಿದ್ದ ತಂಗಿಯ ಮುಂದೆ ಹಕ್ಕು ಬಿಡುಗಡೆ ಪತ್ರ ಇಟ್ಟೆ. ಅವಳು ಓದದೆ ಸಹಿ ಹಾಕಿದಳು. ಹೊರಡುವಾಗ ಒಂದು ಚೀಲ ಅಕ್ಕಿ, ಹತ್ತು ತೆಂಗಿನಕಾಯಿ, ಒಂದು ಸೀರೆ ಕೊಟ್ಟೆವು. ತವರಿನ ಬಾಗಿಲು ನಿನಗೆ ಸದಾ ತೆರೆದಿದೆ ಎಂದೆವು.

ಮಲ್ಪೆಯಿಂದ ಮರಳಿದ ವಾರ ಅವಳಿಗೆ ಫೋನು ಮಾಡಿ, “ಅಂದು ಸಹಿ ಹಾಕುವಾಗ ನಿನಗೆ ಬೇಸರವಾಗಿತ್ತೇ?” ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: “ಬೇಸರ ತೋಟದ್ದಲ್ಲ ಅಣ್ಣ. ನೀನು ಬೇಕಾ ಅಂತ ಕೇಳಿದ್ದರೆ ನಾನೇ ಬೇಡ ಅನ್ನುತ್ತಿದ್ದೆನೋ ಏನೋ. ನೀನು ಕೇಳಲಿಲ್ಲ, ಕಾಗದ ಮಾತ್ರ ಕೊಟ್ಟೆ.”

ಹೆಣ್ಣುಮಕ್ಕಳು ತಾವಾಗಿಯೇ ಬಿಟ್ಟುಕೊಡುತ್ತಾರೆ, ಅವರಿಗೆ ತವರಿನ ಪ್ರೀತಿ ದೊಡ್ಡದು ಎಂದು ನಾವು ಹೇಳುವುದುಂಟು. ತವರಿನ ಪ್ರೀತಿಗೆ ತೋಟದ ಪಾಲನ್ನು ಬೆಲೆಯಾಗಿ ಕೊಡಬೇಕೆಂಬ ನಿಯಮ ಗಂಡುಮಕ್ಕಳಿಗೆ ಏಕಿಲ್ಲ ಎಂದು ಯಾರೂ ಕೇಳುವುದಿಲ್ಲ. ಈಗ ವಕೀಲರೊಡನೆ ಮಾತನಾಡಿದ್ದೇನೆ. ಅವಳ ಪಾಲಿನಷ್ಟನ್ನು ದಾನಪತ್ರದ ಮೂಲಕ ಅವಳ ಹೆಸರಿಗೆ ಮರಳಿಸಲು ದಾರಿಯಿದೆ. ಅಣ್ಣನಿಗೆ ಇದು ಪೂರ್ತಿ ಒಪ್ಪಿಗೆಯಾಗಿಲ್ಲ. ಮನೆಯಲ್ಲಿ ಮಾತು ನಡೆಯುತ್ತಿದೆ. ನನ್ನ ಪಾಲಿನಿಂದ ಆಗುವಷ್ಟನ್ನಾದರೂ ಈ ಮಳೆಗಾಲದೊಳಗೆ ಮುಗಿಸಬೇಕೆಂದಿದ್ದೇನೆ. ದಾನವೆಂಬ ಪದವೇ ಅಲ್ಲಿ ತಪ್ಪು. ಆದರೆ ನೋಂದಣಿ ಕಚೇರಿಯ ಭಾಷೆಯಲ್ಲಿ ಅದಕ್ಕೆ ಬೇರೆ ಹೆಸರಿಲ್ಲ.

ಬಳಗದ ಮುಂದೆ

ಓದುಗ ಮಿತ್ರರೇ, ಸ್ತ್ರೀವಾದವೆಂದರೇನು ಎಂಬ ಚರ್ಚೆಯನ್ನು ಪಂಡಿತರು ಮುಂದುವರಿಸಲಿ. ನಮ್ಮ ಊರುಗಳಲ್ಲಿ ನಾವು ಮಾಡಬಹುದಾದ ಕೆಲವು ಕೆಲಸಗಳಿವೆ. ಮನೆಯ ಪಹಣಿಯನ್ನು ಒಮ್ಮೆ ತೆಗೆದು ನೋಡಿ, ಅದರಲ್ಲಿ ಯಾರ ಹೆಸರಿದೆ ಎಂದು ಮಕ್ಕಳಿಗೂ ತೋರಿಸಿ. 2006ರ ಅರಣ್ಯ ಹಕ್ಕು ಕಾಯ್ದೆಯಂತೆ ವಿವಾಹಿತರಿಗೆ ಕೊಡುವ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕು. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರಿರಬೇಕು. ನಿಮ್ಮ ಊರಿನ ಸಮಿತಿಯ ಪಟ್ಟಿಯನ್ನು ಕೇಳಿ ನೋಡಿ. ಪಟ್ಟಿಯಲ್ಲಿರುವ ಹೆಂಗಸರು ಸಭೆಗೆ ಬರುತ್ತಾರೆಯೇ, ಅಥವಾ ಸಹಿಯ ಪುಸ್ತಕವೇ ಅವರ ಮನೆಗೆ ಹೋಗುತ್ತದೆಯೇ ಎಂದೂ ವಿಚಾರಿಸಿ. ತೋಟದ ಕೂಲಿಯನ್ನು ಈ ಸಲದ ಕೊಯ್ಲಿನಿಂದಲೇ ಸಮಾನ ಮಾಡುವುದಕ್ಕೆ ಯಾವ ಕಚೇರಿಯ ಅನುಮತಿಯೂ ಬೇಡ.

ಬಳಗದ ಮುಂದಿನ ಸಭೆಗೆ ನಾನೊಂದು ಸಲಹೆ ಕಳುಹಿಸಿದ್ದೇನೆ. ನಿರ್ಣಯ ಬರೆಯುವವರಲ್ಲಿ ಅರ್ಧದಷ್ಟು ಹೆಂಗಸರಿರಲಿ. ಅವರಲ್ಲಿ ಒಬ್ಬರಾದರೂ ಭೂಮಿಯಿಲ್ಲದ ಮನೆಯವರಾಗಿರಲಿ. ಅಂದು ಅಡುಗೆಯನ್ನು ನಾವು ಗಂಡಸರು ಮಾಡೋಣ. ಊಟ ಚೆನ್ನಾಗಿರುತ್ತದೆಂದು ಭರವಸೆ ಕೊಡಲಾರೆ. ಆ ದಿನ ಒಲೆಯ ಬಳಿ ನಿಂತು, ಒಳಗಿನ ಚರ್ಚೆಯಲ್ಲಿ ಏನು ತೀರ್ಮಾನವಾಯಿತೆಂದು ಆಮೇಲೆ ಇನ್ನೊಬ್ಬರನ್ನು ಕೇಳಿ ತಿಳಿಯುವುದು ಹೇಗಿರುತ್ತದೆಂದು ನಮಗೂ ಸ್ವಲ್ಪ ಅರ್ಥವಾದೀತು.